ಅತ್ತೆಯ ಹೆಬ್ಬೆಟ್ಟು

ಮೂವತ್ಮೂರು ವರ್ಷ ಸರ್ಕಾರಿ ನರ್ಸಾಗಿ ದುಡಿದಿದ್ದೇನೆ, ಅದರಲ್ಲಿ ಹದಿನೆಂಟು ವರ್ಷ ಕರೋಶಿಯ ಉಪಕೇಂದ್ರದಲ್ಲೇ. ಈ ಊರಿನಲ್ಲಿ ನನ್ನ ಸೂಜಿ ಚುಚ್ಚಿಸಿಕೊಳ್ಳದ ಮಗು ಇಲ್ಲ, ನನ್ನ ಬೈಗುಳ ತಿನ್ನದ ಬಾಣಂತಿಯೂ ಇಲ್ಲ. ಮಾತ್ರೆ ನುಂಗದೆ ಹಿತ್ತಲಿಗೆ ಎಸೆದವರ ಮನೆಗೆ ಹೋಗಿ, ಎಸೆದ ಮಾತ್ರೆ ಹುಡುಕಿಸಿ ಮುಖದೆದುರು ಹಿಡಿದವಳು ನಾನು. ರಾಜೇಶ್ವರಿ ಅಂತ ಹೆಸರಿದ್ದರೂ ಎಲ್ಲರಿಗೂ ನರ್ಸಬಾಯಿ. ಇಷ್ಟು ಜೋರಿನ ಹೆಂಗಸು ಒಂದು ಮಾತು ಆಡಬೇಕಾದ ದಿನ ಆಡಲಿಲ್ಲ. ಅದನ್ನು ಈಗ ಹೇಳುತ್ತೇನೆ. ಹೇಳಿ ಹಗುರಾಗುತ್ತೇನೆ ಅನ್ನುವ ಆಸೆಯೇನೂ ಇಲ್ಲ.

ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗ ಚಿಕ್ಕೋಡಿಯ ಕಚೇರಿಯಿಂದ ಒಂದು ಫಾರ್ಮು ಬಂತು. ನೌಕರರಿಗೂ ಅವರ ಮನೆಯವರಿಗೂ ದವಾಖಾನೆಯಲ್ಲಿ ಕೈಯಿಂದ ಏನೂ ಕೊಡದೆ ಚಿಕಿತ್ಸೆ ಸಿಗುತ್ತದೆ, ನಿವೃತ್ತಿಯಾದ ಮೇಲೂ ಸಾಯುವ ತನಕ ನಡೆಯುತ್ತದೆ. ಆದರೆ ಯಾರ ಯಾರ ಹೆಸರು ಅಂತ ಈಗಲೇ ಬರೆದುಕೊಡಬೇಕು. ನಾನು ಫಾರ್ಮು ಹಿಡಿದು ಕಚೇರಿಗೆ ಹೋದೆ. ಅಲ್ಲಿ ಈ ಕೆಲಸ ನೋಡುವ ಗುಮಾಸ್ತ ಸುರಜ ಕುರ್ಚಿ ಕೊಟ್ಟು ಕೂರಿಸಿದ.

“ಸಿಸ್ಟರ್, ಇಲ್ಲೊಂದ ಗಂಟ ಐತ್ರಿ,” ಅಂದ. “ಗಂಡಸ ನೌಕರದಾರ ಆದ್ರ ಅವರ ತಂದಿತಾಯಿ ಹೆಸರ ಬರದ ಮುಗಸ್ತಾರ. ಹೆಣ್ಣಮಕ್ಕಳಿಗೆ ಹಂಗಿಲ್ಲ. ಒಂದೋ ನಿಮ್ಮ ತಂದಿತಾಯಿ, ಇಲ್ಲಾ ಅತ್ತಿಮಾವ. ಎರಡ್ರಾಗ ಒಂದ ಆರಿಸಬೇಕ್ರಿ.”

“ಇಬ್ಬರೂ ಮುದುಕ್ಯಾರs ಅದಾರಪ್ಪ. ಒಬ್ಬಾಕಿನ ಬಿಟ್ಟರ ಆಕಿ ಏನ ಮಾಡಬೇಕ?”

“ನಾ ಏನ ಹೇಳಲ್ರಿ. ಬಿಟ್ಟವರ ಕಡಿಂದ ಒಂದ ಕಾಗದಾನೂ ಬೇಕ. ನಾನು ಈಕೆಯ ಮೇಲೆ ಅವಲಂಬಿತಳಲ್ಲ ಅಂತ. ಸಹಿ, ಇಲ್ಲಾ ಹೆಬ್ಬಟ್ಟ. ಒಮ್ಮಿ ಕೊಟ್ಟ ಮ್ಯಾಲ ತಿದ್ದಾಕ ಬರೂದಿಲ್ಲ, ಯೋಚನಿ ಮಾಡಿ ಬರೀರಿ.”

ಅಪ್ಪ, ಮಾವ ಇಬ್ಬರೂ ತೀರಿಕೊಂಡು ಬಹಳ ವರ್ಷವಾಗಿತ್ತು. ಉಳಿದವರು ನನ್ನ ಅವ್ವ ತಾರವ್ವ, ಅತ್ತೆ ಗಂಗವ್ವ. ಎಪ್ಪತ್ತು ದಾಟಿದವರಿಗೆ ಸರ್ಕಾರದ ಬೇರೆ ಕಾರ್ಡು ಇದೆಯಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಆಧಾರಿನಲ್ಲಿ ವಯಸ್ಸಿರಬೇಕು. ಆಧಾರ್ ಮಾಡುವವರು ಬಂದಾಗ ಹುಟ್ಟಿದ್ದು ಯಾವಾಗ ಅಂದರೆ ಇಬ್ಬರೂ ಮಳೆ, ಬರ, ಕುರಿಗೆ ಬಂದ ರೋಗ ಅಂತ ಏನೇನೋ ಲೆಕ್ಕ ಹೇಳಿದ್ದಾರೆ, ಅವರು ತಮಗೆ ತಿಳಿದಷ್ಟು ಬರೆದುಕೊಂಡಿದ್ದಾರೆ. ಆ ಕಾರ್ಡಿನ ಪ್ರಕಾರ ನನ್ನ ಅತ್ತೆ ತನ್ನ ಮಗನಿಗಿಂತ ಐದು ವರ್ಷ ದೊಡ್ಡವರು, ನನ್ನ ಅವ್ವ ನನಗಿಂತ ಏಳು ವರ್ಷ. ಊರವರ ಕಾಗದಪತ್ರ ತಿದ್ದಿಸಿಕೊಟ್ಟ ನರ್ಸಬಾಯಿಗೆ ಮನೆಯ ಕಾಗದ ತಿದ್ದಿಸಲು ಪುರುಸೊತ್ತು ಆಗಿರಲಿಲ್ಲ. ಬಡವರ ರೇಶನ್ ಕಾರ್ಡೂ ಎರಡೂ ಮನೆಯಲ್ಲಿ ಇರಲಿಲ್ಲ. ನಮ್ಮಲ್ಲಿ ನನ್ನ ನೌಕರಿಯಿಂದ ಹೋಗಿತ್ತು, ತವರಿನಲ್ಲಿ ತಮ್ಮ ಹಾಲೇಶ ಬಾಡಿಗೆಗೆ ಓಡಿಸಲು ಕೊಂಡ ಹಳೇ ಜೀಪಿನಿಂದ.

ಅತ್ತೆಯ ಬಗ್ಗೆ ಮೊದಲು ಹೇಳಬೇಕು. ನಮ್ಮದು ಕುರುಬರ ಮನೆ, ಕುರಿಗಳಿವೆ, ಎರಡೆಕರೆ ಹೊಲವಿದೆ. ಮಗಳು ಶೀತಲ್ ಹುಟ್ಟಿ ಮೂರು ತಿಂಗಳಿಗೆ ನಾನು ಡ್ಯೂಟಿಗೆ ಹೋದೆ. ಆಗ ಅತ್ತೆ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು, ನಾನು ಲಸಿಕೆ ಹಾಕುತ್ತಿದ್ದ ಊರಿಗೆ ನಡೆದು ಬಂದು, ಶಾಲೆಯ ಹಿಂದಿನ ಗಿಡದ ಕೆಳಗೆ ನನ್ನಿಂದ ಹಾಲು ಕುಡಿಸಿಕೊಂಡು ಮತ್ತೆ ನಡೆದು ಹೋಗುತ್ತಿದ್ದರು. ಸೊಸೆ ಊರೂರು ತಿರುಗುತ್ತಾಳೆ ಅಂತ ಓಣಿಯವರು ಚುಚ್ಚಿದರೆ, “ನಿಮ್ಮ ಸೊಸ್ಯಾರಿಗೆ ಕುಂತಲ್ಲೇ ಹುಳಾ ಬಿದ್ದಾವ, ನಮ್ಮಾಕಿ ತಿರಗಲಿ ಬಿಡ್ರಿ” ಅಂದವರು. ನನ್ನ ನೌಕರಿ ನಿಂತದ್ದೇ ಆ ಮುದುಕಿಯ ಕಾಲಿನ ಮೇಲೆ. ಎಂಬತ್ತರ ಹತ್ತಿರ ಬಂದರೂ ಕುರಿದೊಡ್ಡಿಯ ಕಸ ಬೇರೆಯವರು ತೆಗೆದರೆ ಅವರಿಗೆ ಸೇರುತ್ತಿರಲಿಲ್ಲ. ಒಂದು ಗುಳಿಗೆ ನುಂಗಿದ್ದು ನಾನು ಕಂಡಿಲ್ಲ.

ಅವ್ವನ ಎದೆ ಮಾತ್ರ ಕೆಟ್ಟಿತ್ತು. ಬೆಳಗಾವಿಯ ಡಾಕ್ಟರು ಹೃದಯದ ಕವಾಟ ಬದಲಿಸಬೇಕು, ತಡ ಮಾಡಿದರೆ ಈ ವರ್ಷ ದಾಟುವುದು ಕಷ್ಟ ಅಂದಿದ್ದರು. ಹಾಲೇಶನ ಜೀಪು ಮಾರಿದರೂ ಆ ಆಪರೇಶನ್ ಆಗುವಂತಿರಲಿಲ್ಲ. ಒಂದು ಭಾನುವಾರ ರಾಯಬಾಗದ ಬಸ್ಸು ಹತ್ತಿ ತವರಿಗೆ ಹೋಗಿ ಅವ್ವನಿಗೆ ಫಾರ್ಮಿನ ವಿಷಯ ಹೇಳಿದೆ.

“ನನ್ನ ಹೆಸರ ಯಾಕವಾ? ನಿಮ್ಮತ್ತಿ ಹೆಸರ ಹಾಕ,” ಅಂದಳು. “ನನಗ ಗಂಡಮಗ ಅದಾನ. ಮಗಳ ಮನಿ ಹಂಗಿನ್ಯಾಗ ಇದ್ಲು ಅನಸಕೋಬ್ಯಾಡ.” ಇಷ್ಟು ಹೇಳುವುದರೊಳಗೆ ಎರಡು ಸಲ ನಿಂತು ಉಸಿರು ಎಳೆದುಕೊಂಡಳು. ಬಾಗಿಲಿನಿಂದ ನೀರಿನ ಕೊಡದವರೆಗೆ ನಡೆಯಲು ಗೋಡೆ ಹಿಡಿದಳು. ನಾನು ಅವತ್ತು ಬಸ್ಸಿನಲ್ಲೇ ನಿರ್ಧಾರ ಮಾಡಿದೆ. ನರ್ಸಿನ ತಲೆ ಹೇಳಿದ್ದೂ ಅದೇ, ಯಾರು ಮೊದಲು ಸಾಯುತ್ತಾರೋ ಅವರನ್ನು ಮೊದಲು ಹಿಡಿ. ಆದರೆ ಬರೀ ತಲೆ ಹೇಳಿತು ಅಂದರೆ ಸುಳ್ಳಾಗುತ್ತದೆ. ಅವಳು ನನ್ನ ಅವ್ವ, ಅಷ್ಟೇ.

ಮನೆಯಲ್ಲಿ ಹೇಳಬೇಕಿತ್ತು. ನನ್ನ ಗಂಡ ಮಲಕಾರಿ ಒಳ್ಳೆಯವರು, ಕುರಿಮರಿಗೆ ಜ್ವರ ಬಂದರೂ ಊಟ ಬಿಡುವವರು. ಆದರೆ ತಾಯಿಯ ಮಾತು ಬಂದರೆ ಅವರಿಗೆ ಬೇರೆ ಲೋಕವೇ ಇಲ್ಲ. ನಿಮ್ಮವ್ವಗ ಮಗ ಇಲ್ಲೇನು, ನಮ್ಮವ್ವನ ಯಾಕ ಬಿಡಬೇಕು ಅಂತ ಕೇಳುತ್ತಾರೆ, ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅವ್ವನ ಆಪರೇಶನ್ ಒಂದು ಆಗಲಿ, ಆಮೇಲೆ ಸಮಾಧಾನವಾಗಿ ಹೇಳಿದರಾಯಿತು ಅಂದುಕೊಂಡೆ. ಫಾರ್ಮು ಕೊಡಲು ಕೊನೆಯ ದಿನ ಬಂತು.

ಸಂತಾನಹರಣ ಆಪರೇಶನ್ನಿಗೆ ಬಂದ ಹೆಣ್ಣುಮಕ್ಕಳಿಗೆ ಕಾಗದ ಎರಡು ಸಲ ಓದಿ ಹೇಳದೆ ನಾನು ಶಾಯಿಯ ಪ್ಯಾಡು ತೆರೆದವಳಲ್ಲ. ಅವತ್ತು ಅದೇ ಪ್ಯಾಡನ್ನು ಬ್ಯಾಗಿನಿಂದ ತೆಗೆದು ಅತ್ತೆಯ ಮುಂದೆ ಕೂತೆ. ಅವರು ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದರು.

“ಅತ್ತಿ, ಇಲ್ಲೊಂದ ಹೆಬ್ಬಟ್ಟ ಬೇಕ್ರಿ.”

“ಯಾತರದವಾ?”

“ಸರಕಾರದ್ರಿ. ನನ್ನ ರಿಟೈರದ್ದ.”

“ಎಲ್ಲಿ ಒತ್ತಲಿ, ತೋರಸ.” ಕೈಗೆ ಅಂಟಿದ ಉಣ್ಣೆಯನ್ನು ಸೆರಗಿಗೆ ಒರೆಸಿಕೊಂಡು ಒತ್ತಿದರು. ಮಸುಕಾಗಿ ಮೂಡಿತು. ಅವರೇ ಇನ್ನೊಮ್ಮೆ ಪ್ಯಾಡಿಗೆ ಹಚ್ಚಿ, ಪಕ್ಕದಲ್ಲಿ ಗಟ್ಟಿಯಾಗಿ ಒತ್ತಿದರು. “ಸರೀ ಮೂಡೇತಿಲ್ಲೋ ನೋಡ. ಇಲ್ಲಂದ್ರ ಮತ್ತ ನಿನ್ನ ಚಿಕ್ಕೋಡಿಗೆ ತಿರಗಸ್ತಾರ ಅವರು.”

ಆ ಕಾಗದದಲ್ಲಿ ಇದ್ದದ್ದು ಎರಡು ಸಾಲು. ನಾನು ನನ್ನ ಸೊಸೆಯ ಮೇಲೆ ಅವಲಂಬಿತಳಲ್ಲ. ನಾನು ಆಕೆಯ ಜೊತೆ ವಾಸವಾಗಿಲ್ಲ.

ದೀಪಾವಳಿಗೆ ಮುಂಚೆ ಅವ್ವನ ಆಪರೇಶನ್ ಆಯಿತು. ತಮ್ಮನೇ ಮಾಡಿಸಿದ ಅಂತ ಮನೆಯಲ್ಲಿ ತಿಳಿದರು, ನಾನು ತಿದ್ದಲಿಲ್ಲ. ಅವ್ವ ಎದ್ದು ಓಡಾಡತೊಡಗಿದಳು. ಇನ್ನು ಹೇಳಬಹುದು ಅಂದುಕೊಂಡೆ. ಇವತ್ತು ಬೇಡ, ಅಮಾವಾಸ್ಯೆ. ನಾಳೆ ಬೇಡ, ಕುರಿಯ ಉಣ್ಣೆ ಕತ್ತರಿಸುವವರು ಬರುತ್ತಾರೆ. ಹೀಗೇ ಸಂಕ್ರಾಂತಿ ಬಂತು. ಸಂಕ್ರಾಂತಿ ಕಳೆದು ನಾಲ್ಕನೇ ದಿನ ಅತ್ತೆ ದೊಡ್ಡಿಯ ಕಲ್ಲಿನ ಮೇಲೆ ಜಾರಿ ಬಿದ್ದರು. ತೊಡೆಯ ಮೇಲಿನ ಎಲುಬು ಮುರಿಯಿತು.

ನಾನು ಪಕ್ಕದ ಹಳ್ಳಿಯಲ್ಲಿ ಲಸಿಕೆಯ ಕೆಲಸದಲ್ಲಿದ್ದೆ. ಮಲಕಾರಿ ಅವರೇ ಗಾಡಿ ಮಾಡಿಕೊಂಡು ತಾಯಿಯನ್ನು ಚಿಕ್ಕೋಡಿಯ ದವಾಖಾನೆಗೆ ಕರೆದೊಯ್ದಿದ್ದರು. ನನ್ನ ಹೆಂಡತಿ ನೌಕರದಾರಳು, ಕಾರ್ಡು ಐತಿ ಅಂತ ಕೌಂಟರಿನಲ್ಲಿ ಅಭಿಮಾನದಿಂದಲೇ ಹೇಳಿದರಂತೆ. ಕೌಂಟರಿನವರು ಕಂಪ್ಯೂಟರಿನಲ್ಲಿ ನೋಡಿ, ಇದರಲ್ಲಿ ತಾರವ್ವ ಅಂತ ಇದೆ, ಗಂಗವ್ವ ಇಲ್ಲ ಅಂದಿದ್ದಾರೆ. ಇವರು ಗುಮಾಸ್ತ ತಪ್ಪು ಬರೆದಿದ್ದಾನೆ ಅಂದುಕೊಂಡು ಜಗಳವಾಡಲು ನಮ್ಮ ಕಚೇರಿಗೇ ಹೋದರು. ಸುರಜ ಏನು ಮಾಡಿಯಾನು, ಫೈಲು ತೆಗೆದು ತೋರಿಸಿ, ಜೆರಾಕ್ಸ್ ಮಾಡಿ ಕೈಗೆ ಕೊಟ್ಟ.

ನಾನು ವಾರ್ಡಿಗೆ ಬಂದಾಗ ಅತ್ತೆಯ ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದರು. ಸೂಜಿಯ ಮದ್ದಿನಿಂದ ನೋವು ಸ್ವಲ್ಪ ತಗ್ಗಿತ್ತು, ನನ್ನನ್ನು ನೋಡಿ, “ಉಂಡಿ ಇಲ್ಲೋ?” ಅಂದರು. ಅಷ್ಟರಲ್ಲಿ ಮಲಕಾರಿ ಒಳಗೆ ಬಂದರು. ಕುರಿ ಕಾಯುತ್ತ ಹೊಲದಿಂದ ಹೊಲಕ್ಕೆ ಕೂಗಿ ಕೂಗಿ, ಮನೆಯಲ್ಲಿ ಮೆತ್ತಗೇ ಮಾತಾಡುವವರು ಅವರು. ಅವತ್ತೂ ಮೆತ್ತಗೇ ಮಾತಾಡಿದರು. ಏಳನೇ ಇಯತ್ತೆ ಕಲಿತವರು, ಕಾಗದವನ್ನು ಬೆರಳಿಟ್ಟು ಓದಿದರು. “ಆಕೆಯ ಜೊತೆ ವಾಸವಾಗಿಲ್ಲ,” ಅಂತ ಮುಗಿಸಿ ನನ್ನ ಕಡೆ ನೋಡಿದರು.

“ಕಾರ್ಡಿನ್ಯಾಗ ನಿಮ್ಮವ್ವನ ಹೆಸರ ಐತಿ. ಇದನ್ನ ನಮ್ಮವ್ವಗ ಓದಿ ಹೇಳಿ ಒತ್ತಿಸಿಕೊಂಡ್ಯೋ, ಹಂಗs ಒತ್ತಿಸಿಕೊಂಡ್ಯೋ?”

ನಾನು ಅತ್ತೆಯ ಹೊದಿಕೆ ಸರಿಮಾಡಿದೆ. ಮಲಕಾರಿ ಒಳಗಿನ ಅಂಗಿಯ ಕಿಸೆಯಿಂದ ಸಣ್ಣ ಚೀಲ ತೆಗೆದು ಹಾಸಿಗೆಯ ಮೇಲೆ ಬಿಚ್ಚಿದರು. ನಮ್ಮ ಮನೆದೇವರು ಬೀರದೇವರ ಭಂಡಾರ. ನೋಡುವವರಿಗೆ ಅದು ಅರಿಶಿನದ ಪುಡಿ. ನಮ್ಮ ಜನಕ್ಕೆ ಅದನ್ನು ಮುಟ್ಟಿ ಆಡಿದ ಮಾತಿನ ಮೇಲೆ ಮತ್ತೆ ಮಾತಿಲ್ಲ. ಕೋರ್ಟಿನಲ್ಲಿ ಇಪ್ಪತ್ತು ವರ್ಷ ಹರಿಯದ ಬದುವಿನ ಜಗಳ ಭಂಡಾರ ಮುಟ್ಟಿದ ದಿನ ಹರಿದದ್ದನ್ನು ನಾನೇ ಕಂಡಿದ್ದೇನೆ. ಮುಟ್ಟಿ ಸುಳ್ಳಾಡಿದರೆ ಆಡಿದವರಿಗಷ್ಟೇ ಅಲ್ಲ, ಅವರ ಮಕ್ಕಳು ಮೊಮ್ಮಕ್ಕಳಿಗೂ ಅದು ತಟ್ಟುತ್ತದೆ ಅಂತ ನಂಬಿಕೆ. ಅತ್ತೆಗೆ ಅದು ನಂಬಿಕೆಯೂ ಅಲ್ಲ, ಬೆಂಕಿ ಸುಡುತ್ತದೆ ಅನ್ನುವಷ್ಟು ಗೊತ್ತಿದ್ದ ವಿಷಯ.

“ಮುಟ್ಟಿ ಹೇಳ,” ಅಂದರು ನನಗೆ.

ನನ್ನ ಕೈ ಎದ್ದಿತು. ಆ ಕೈ ನಿಜ ಹೇಳಲು ಎದ್ದಿತ್ತೋ ಸುಳ್ಳು ಹೇಳಲು ಎದ್ದಿತ್ತೋ ಇವತ್ತಿಗೂ ನನಗೆ ತಿಳಿಯದು. ಅತ್ತೆ ಮಲಗಿದಲ್ಲಿಂದಲೇ ಕೈ ಚಾಚಿ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

“ಆಕಿನ್ನ ಯಾಕ ಕೇಳ್ತಿ? ಹೆಬ್ಬಟ್ಟ ನಂದೈತಿ, ನನ್ನ ಕೇಳ,” ಅಂದರು. ಭಂಡಾರದಲ್ಲಿ ಕೈಯಿಟ್ಟರು. “ಓದಿ ಹೇಳ್ಯಾಳ. ಎರಡ ಸಲ ಹೇಳ್ಯಾಳ. ನಿಮ್ಮವ್ವ ಸಾಯಾಕತ್ಯಾಳ, ಆಕಿ ಹೆಸರ ಹಾಕ, ನಾ ಗಟ್ಟಿ ಅದೀನಿ ಅಂತ ನಾನs ಅಂದೀನಿ. ಮನ್ಯಾಗ ಯಾರಿಗೂ ಹೇಳಬ್ಯಾಡ ಅಂತಾನೂ ಅಂದೀನಿ. ಬೀರದೇವರ ಆಣಿ. ಸಾಕೇನ?”

ಮಲಕಾರಿ ಸ್ಟೂಲಿನ ಮೇಲೆ ಕೂತರು. ನನ್ನ ಕಡೆ ತಿರುಗಿ, “ತಪ್ಪ ತಿಳಕೋಬ್ಯಾಡ. ನಿನ್ನ ಮ್ಯಾಲ ಸಂಶೆ ಪಟ್ನಿ,” ಅಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ನನ್ನ ಮುಂದೆ ಕಣ್ಣು ಒರೆಸಿಕೊಂಡದ್ದು ಅದೇ ಮೊದಲು. ಹೊಡೆದಿದ್ದರೆ ತಾಳಿಕೊಳ್ಳುತ್ತಿದ್ದೆ.

ಅವರು ಚಹಾ ತರಲು ಹೋದಾಗ ನಾನು ಹಾಸಿಗೆಯ ಅಂಚಿಗೆ ಮುಖ ಇಟ್ಟು ಅತ್ತುಬಿಟ್ಟೆ. ಅತ್ತೆ ಭಂಡಾರದ ಕೈಯನ್ನು ನನ್ನ ತಲೆಗೆ ತಾಗಿಸದೆ ಎತ್ತಿ ಹಿಡಿದುಕೊಂಡಿದ್ದರು.

“ಯಾಕ್ರಿ ಅತ್ತಿ? ಯಾಕ ಹಿಂಗ ಮಾಡಿದ್ರಿ?”

“ಒಂದ ಕಾಗದಕ್ಕ ಸಂಸಾರ ಹರಕೊಂತೀರೇನ?” ಅಂದರು. ಆಮೇಲೆ, “ಒಂದ ಮಾತ ಕೇಳಬೇಕಿತ್ತವಾ ನೀ. ಕೇಳಿದ್ರ ಎರಡೂ ಕೈ ಹೆಬ್ಬಟ್ಟ ಒತ್ತಿ ಕೊಡತಿದ್ನಿ,” ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟು ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಎಲುಬಿಗೆ ಆಪರೇಶನ್ ಮಾಡಲೇಬೇಕು ಅಂದರು ಡಾಕ್ಟರು. ಕಾರ್ಡು ಇಲ್ಲದಿದ್ದರೆ ಹೋಯಿತು, ಕುರಿ ಮಾರುತ್ತೇನೆ ಅಂದರು ಮಲಕಾರಿ. ನಾನು ಬೆಳಗಾವಿಯ ದೊಡ್ಡ ಸರ್ಕಾರಿ ದವಾಖಾನೆಗೆ ಫೋನು ಹಚ್ಚಿ, ಗುರುತಿನ ಸಿಸ್ಟರನ್ನು ಹಿಡಿದು, ಹಾಸಿಗೆ ಸಿಗುವಂತೆ ಮಾಡಿದೆ. ಅತ್ತೆ ಯಾವುದಕ್ಕೂ ಒಪ್ಪಲಿಲ್ಲ. ಮಗನಿಗೆ, “ಮುದಕಿ ಎಲುಬಿಗೆ ಮೊಳಿ ಹೊಡದ ಏನ ಮಾಡ್ತಿ, ಮನಿಗಿ ನಡಿ,” ಅಂದರು. ನನಗೆ ಮಾತ್ರ ನಿಜ ಹೇಳಿದರು.

“ಭಂಡಾರ ಮುಟ್ಟಿ ಸುಳ್ಳ ಆಡೀನಿ. ಅದು ಸುಮ್ನ ಹೋಗೂದಿಲ್ಲ, ಎಲ್ಲೆರೆ ಹೋಗಿ ಕೂಡತೈತಿ. ಶೀತಲಗ, ಆಕಿ ಕೂಸಿಗೆ ಯಾಕ ತಟ್ಟಬೇಕ? ಈ ಕಾಲಾಗ ಕುಂತೈತಿ, ಇಲ್ಲೇ ಇರಲಿ. ಕಾಲ ನೆಟ್ಟಗ ಮಾಡಿಸಿಕೊಂಡ್ರ ಅದು ಬ್ಯಾರೆ ಜಾಗಾ ಹುಡಕತೈತಿ.”

“ಹಂಗೇನ ಇರೂದಿಲ್ರಿ ಅತ್ತಿ. ನಾನs ಅವರಿಗೆ ಖರೇ ಹೇಳ್ತೀನಿ, ನಿಮ್ಮ ಮ್ಯಾಲಿಂದ ಇಳೀತೈತಿ.”

“ನೀ ಬಾಯಿ ಬಿಟ್ಟರ ನಾ ಮಗನ ಮುಂದ ಸುಳ್ಳಿ ಆಕ್ಕೀನಿ. ದೇವರ ಮುಂದ ಆಗೀನಿ, ಅಷ್ಟs ಸಾಕ. ನನ್ನ ಮ್ಯಾಲ ಆಣಿ ಐತಿ ನಿನಗ.”

ಊರವರ ಮೂಢನಂಬಿಕೆ ಬಿಡಿಸಲು ಮೂವತ್ಮೂರು ವರ್ಷ ಸಂಬಳ ತಿಂದವಳು ನಾನು. ಹಾವು ಕಚ್ಚಿದವರನ್ನು ಮಂತ್ರದವನ ಮನೆಯಿಂದ ಎಳೆದು ತಂದಿದ್ದೇನೆ. ಅವತ್ತು ಒಬ್ಬ ಮುದುಕಿಯ ನಂಬಿಕೆಯ ಎದುರು ನನ್ನ ಜೋರು ನಡೆಯಲಿಲ್ಲ, ಯಾಕೆಂದರೆ ಆ ನಂಬಿಕೆಯನ್ನು ಅವರು ಮುರಿದದ್ದು ನನಗಾಗಿ.

ಮನೆಗೆ ಕರೆತಂದೆವು. ರಜೆ ಹಾಕಿದೆ. ಎರಡು ತಾಸಿಗೊಮ್ಮೆ ಮಗ್ಗುಲು ತಿರುಗಿಸಿದೆ, ಬೆನ್ನಿಗೆ ಪುಡಿ ಹಚ್ಚಿದೆ, ಕಲಿತ ವಿದ್ಯೆ ಎಲ್ಲ ಸುರಿದೆ. ಆದರೂ ಬೆನ್ನು ಹುಣ್ಣಾಯಿತು. ಬೇರೆಯವರ ಮನೆಯಲ್ಲಿ ಹೀಗೆ ಮಲಗಿಸಿದ ಮುದುಕಿಯನ್ನು ಕಂಡಿದ್ದರೆ ಆ ಮನೆಯ ಸೊಸೆಗೆ ಓಣಿ ಕೇಳುವಂತೆ ಬೈಯುತ್ತಿದ್ದೆ. ಮಲಕಾರಿ ದಿನಾ ಬೆಳಿಗ್ಗೆ ದೇವರ ಮುಂದಿನ ಭಂಡಾರ ತಂದು ತಾಯಿಯ ಹಣೆಗೆ ಹಚ್ಚಲು ಬರುತ್ತಿದ್ದರು. ಅತ್ತೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. “ಮಾರಿ ತೊಳದಿಲ್ಲ ಇನ್ನಾ, ಅಲ್ಲಿ ಇಡ,” ಅನ್ನುತ್ತಿದ್ದರು. ಮುಖ ನಾನು ಆಗಲೇ ತೊಳೆದಿರುತ್ತಿದ್ದೆ. ಅವರು ಅಲ್ಲಿಟ್ಟು ಕುರಿ ಬಿಡಲು ಹೋಗುತ್ತಿದ್ದರು. ಸುಳ್ಳು ಆಡಿದ ಹಣೆಗೆ ಅದು ಬೇಡ ಅಂತ ಅತ್ತೆ ನನಗೆ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯ ಇರಲಿಲ್ಲ.

ಫೆಬ್ರವರಿಯಲ್ಲಿ ಅವ್ವ ಬೀಗತಿಯನ್ನು ನೋಡಲು ಬಂದಳು. ಕಡಕ ರೊಟ್ಟಿ, ಗುರೆಳ್ಳು ಹಿಂಡಿಯ ಗಂಟು ಹೊತ್ತುಕೊಂಡು ನಮ್ಮ ಮನೆಯ ಐದೂ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದಳು. ನನ್ನ ಅವ್ವ ಹಾಗೆ ಹತ್ತಿದ್ದನ್ನು ನೋಡಿ ನನಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಅಂತ ಮರುಕ್ಷಣವೇ ನಾಚಿ, ಗಂಟು ಇಸಿದುಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಅವಳು ಅತ್ತೆಯ ಕೈ ಹಿಡಿದು ಕೂತು, “ನಿಮ್ಮ ಪುಣ್ಯಾದಾಗ ಉಳಕೊಂಡ್ನಿ ಬೀಗತಿ. ನಿಮ್ಮ ಹೆಸರ ಬಿಟ್ಟ ನನ್ನ ಹೆಸರ ಹಾಕಸೀರಂತ. ಯಾರ ಮಾಡ್ತಾರ ಹಂಗ?” ಅಂದಳು. ಮಲಕಾರಿಯೇ ಅವಳಿಗೆ ಹಾಗೆ ಹೇಳಿದ್ದರು.

ಅತ್ತೆ ನನ್ನ ಕಡೆ ನೋಡದೆ, “ನಿಮ್ಮ ಮಗಳು ಹಂಗ ಅದಾಳ್ರಿ. ನನ್ನ ಕೇಳದ ಏನೂ ಮಾಡಾಂಗಿಲ್ಲ,” ಅಂದರು.

ಅದರಲ್ಲಿ ಕುಟುಕು ಇರಲಿಲ್ಲ. ನನ್ನನ್ನು ನನ್ನ ತಾಯಿಯ ಮುಂದೆ ಚೆನ್ನಾಗಿ ಕಾಣಿಸಬೇಕು ಅಂತ ಅಂದದ್ದು. ನಾನು ಅಡುಗೆಮನೆಗೆ ಹೋಗಿ ಚಹಾದ ನೀರು ಕುದಿದು ಇಂಗುವ ತನಕ ನಿಂತೇ ಇದ್ದೆ.

ಮಾರ್ಚಿನಲ್ಲಿ ಎದೆಗೆ ಕಫ ಇಳಿಯಿತು. ಮಲಗಿದವರು ಹೋಗುವುದೇ ಹೀಗೆ ಅಂತ ನನಗೆ ಗೊತ್ತಿತ್ತು. ಒಂದು ಮುಂಜಾನೆ, ನಾನು ಮಗ್ಗುಲು ತಿರುಗಿಸಲು ಕೈ ಹಾಕಿದಾಗ ಮೈ ತಣ್ಣಗಿತ್ತು.

ಶೀತಲ್ ನಿಪ್ಪಾಣಿಯಿಂದ ಬಂದಳು, ಹಾಲೇಶ ಅವ್ವನನ್ನು ಜೀಪಿನಲ್ಲಿ ಕರೆತಂದ. ಊರಿನ ಜನ ಸೇರಿದರು. ಮೀಸಿ, ಹೊಸ ಇಳಕಲ್ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದೆವು. ಮಣ್ಣಿಗೆ ಒಯ್ಯುವ ಮುಂಚೆ ಮನೆಯ ಮಗ ಭಂಡಾರ ಹಚ್ಚಬೇಕು. ಮಲಕಾರಿ ತಟ್ಟೆ ಹಿಡಿದು ಬಂದು, ಮುಷ್ಟಿ ತುಂಬ ತೆಗೆದು, ತಾಯಿಯ ಹಣೆಯ ಹತ್ತಿರ ಕೈ ಒಯ್ದರು. ನಾನು ಪಕ್ಕದಲ್ಲೇ ಇದ್ದೆ. ನನಗೆ ಗೊತ್ತಾಗುವುದರೊಳಗೆ ಅವರ ಮುಂಗೈ ಹಿಡಿದಿದ್ದೆ.

ಅತ್ತೆ ಇನ್ನು ಗೋಡೆಯ ಕಡೆ ಮುಖ ಮಾಡುವಂತಿರಲಿಲ್ಲ. ಅವರಿಗೆ ಬೇಡವಾಗಿತ್ತು ಅಂತ ಹೇಳುವವಳು ಇಡೀ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಯಾಕೆ ಬೇಡ ಅಂದರೆ ಎಲ್ಲ ಹೇಳಬೇಕಿತ್ತು.

“ಏನ?” ಅಂದರು ಮಲಕಾರಿ.

“ಏನಿಲ್ರಿ,” ಅಂದೆ.

ಕೈ ಬಿಟ್ಟೆ. ಅವರು ಎರಡು ತಿಂಗಳ ಆಸೆಯೆಲ್ಲ ತೀರುವಂತೆ ತಾಯಿಯ ಹಣೆಯ ತುಂಬ ಭಂಡಾರ ಹಚ್ಚಿದರು.